ಫೋನಿನಿಂದ ತೆಗೆಯುವ ಬೀಗ: ಮಲೆನಾಡಿನವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕೂತು ಫೋನಿನಿಂದ ತೆಗೆಯುವ ಬಾಗಿಲ ಬೀಗ ಮಾಡುತ್ತಿರುವ ಸಣ್ಣ ತಂಡ ನಮ್ಮದು. ದುರ್ಗಿಗುಡಿಯ ಅಂಗಡಿ ಮುಂದೆ, ತೀರ್ಥಹಳ್ಳಿಯ ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್‌ನಲ್ಲಿ, ಒಮ್ಮೆ ಸಾಗರದ ಬಸ್ಸಿನಲ್ಲಿ ನಿಂತುಕೊಂಡೇ ಜನ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದೆವು. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲ ಸಲ ನೋಡಿದವರು ಕೇಳುವುದು

ಬೀಗದ ಕೈ ಚೆನ್ನಾಗೇ ಇದೆಯಲ್ಲ, ಇದೆಲ್ಲ ಎಂತಕ್ಕೆ ಮಾರಾಯ್ರೆ?

ಚೆನ್ನಾಗೇ ಇದೆ, ಒಪ್ಪಿದೆವು. ಇವತ್ತು ನಮ್ಮ ಮನೆಗಳಲ್ಲಿರುವ, ಒಳಗೆ ಪುಟ್ಟ ಲೋಹದ ಪಿನ್ನುಗಳಿರುವ ಬೀಗಕ್ಕೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದದ್ದು 1861ರಲ್ಲಿ. ಇಷ್ಟು ವರ್ಷ ಆದ ಮೇಲೂ ಅದೇ ನಡೆಯುತ್ತಿದೆ ಎಂದರೆ ಸುಮ್ನೆ ಅಲ್ಲ.

ತಾಪತ್ರಯ ಇರುವುದು ಕೈಯನ್ನು ಯಾರ ಹತ್ತಿರ ಇಡುವುದು ಎನ್ನುವುದರಲ್ಲಿ. ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಬೆಳಗಿನ ಜಾವ ನಾಲ್ಕೂವರೆಗೆ ಬಾಗಿಲು ತಟ್ಟುತ್ತಾನೆ. ಮನೆಯವರು ತೋಟಕ್ಕೆ ಹೋಗಿದ್ದರೆ ಮಗಳು ಪಕ್ಕದ ಮನೆ ಜಗಲಿಯಲ್ಲಿ ಕಾಯಬೇಕು. ತುಳಸಿಕಟ್ಟೆ ಹಿಂದೆ, ಹೂಕುಂಡದ ಅಡಿ, ಕರೆಂಟ್ ಮೀಟರಿನ ಮೇಲೆ ಕೈ ಇಟ್ಟಿದ್ದು ಊರಿಗೆಲ್ಲ ಗೊತ್ತು. ಬಾಡಿಗೆಯವರು ಮನೆ ಬಿಡುವಾಗ ಎರಡು ಕೈ ವಾಪಸ್ ಕೊಟ್ಟರು ಸರಿ, ಮೂರನೆಯದು ಮಾಡಿಸಿದ್ದರೋ ಇಲ್ಲವೋ? ಫೋನಿನಲ್ಲಿರುವ ಕೈಯನ್ನು ಇಂಥ ದಿನದ ತನಕ ಎಂದು ಗೊತ್ತುಮಾಡಿ ಕೊಡಬಹುದು, ಬೇಡವೆಂದಾಗ ಹಿಂದಕ್ಕೆ ಪಡೆಯಬಹುದು. ಅಷ್ಟೇ ಅದರ ಹೆಚ್ಚುಗಾರಿಕೆ.

ಮನೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ, ಬೀಗ ಹಾಕುವುದೇ ವರ್ಷಕ್ಕೆ ಎರಡು ಸಲ ಎನ್ನುವವರಿಗೆ ಇದು ಬೇಡ. ಹಾಗಂತ ನಾವೇ ಹೇಳಿ ಕಳಿಸಿದ್ದೂ ಉಂಟು.

ಫೋನ್ ಹಿಡಿದ್ರೆ ಬಾಗಿಲು ಹೆಂಗೆ ತೆಗೀತದೆ?

ಬೀಗದೊಳಗೆ ಒಂದು ಪುಟ್ಟ ಮೋಟಾರು, ಒಂದು ಬ್ಲೂಟೂತ್ ಚಿಪ್ಪು ಮತ್ತು ಗೋಡೆ ಗಡಿಯಾರಕ್ಕೆ ಹಾಕುವಂಥ ನಾಲ್ಕು ಸೆಲ್ ಇವೆ. ನೀವು ಹತ್ತಿರ ಬಂದು ಆಪ್‌ನಲ್ಲಿ ಒತ್ತಿದ ಕೂಡಲೇ ಬೀಗ ಒಂದು ದೊಡ್ಡ ಸಂಖ್ಯೆಯನ್ನು ಫೋನಿಗೆ ಎಸೆಯುತ್ತದೆ. ಫೋನು ಅದನ್ನು ತನ್ನಲ್ಲೂ ಬೀಗದಲ್ಲೂ ಇರುವ ಗುಟ್ಟಿನ ಸಂಖ್ಯೆಯ ಜೊತೆ ಬೆರೆಸಿ, ಬಂದ ಉತ್ತರವನ್ನು ವಾಪಸ್ ಕಳಿಸುತ್ತದೆ. ಬೀಗವೂ ಒಳಗೊಳಗೇ ಅದೇ ಲೆಕ್ಕ ಮಾಡಿಕೊಂಡಿರುತ್ತದೆ. ಎರಡೂ ತಾಳೆಯಾದರೆ ಮೋಟಾರು ತಿರುಗಿ ಅಗುಳಿ ಒಳಗೆ ಸರಿಯುತ್ತದೆ. ಗುಟ್ಟು ಮಾತ್ರ ಗಾಳಿಯಲ್ಲಿ ಹಾಯುವುದೇ ಇಲ್ಲ. ಗುಟ್ಟು ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ ಮಾತ್ರ ಹಾಯುತ್ತದೆ.

ಇದು ಸಾಧ್ಯವಾದದ್ದು 2010ರಲ್ಲಿ ಬ್ಲೂಟೂತ್ 4.0 ಬಂದ ಮೇಲೆ. ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಅದರಲ್ಲೇ ಮೊದಲು ಸೇರಿದ್ದು. ಹಳೆಯ ಬ್ಲೂಟೂತ್ ಹಾಕಿದ್ದರೆ ಸೆಲ್ ಬದಲಾಯಿಸುವುದೇ ಒಂದು ಕೆಲಸ ಆಗುತ್ತಿತ್ತು.

ನಮ್ಮೂರಲ್ಲಿ ಟವರೇ ಸಿಗಲ್ಲ. ಗುಡ್ಡ ಹತ್ತಿ ಫೋನ್ ಮಾಡ್ಬೇಕು. ಆಗ?

ಬಾಗಿಲು ತೆಗೆಯುವುದಕ್ಕೆ ಟವರೂ ಬೇಡ, ವೈಫೈಯೂ ಬೇಡ. ಮಾತುಕತೆ ನಿಮ್ಮ ಫೋನಿಗೂ ಬೀಗಕ್ಕೂ ನೇರ. ಇನ್ನೊಬ್ಬರಿಗೆ ಹೊಸ ಕೈ ಕಳಿಸುವಾಗ, ಮತ್ತೆ ಫೋನಿನಲ್ಲಿರುವ ಕೈಯ ಆಯಸ್ಸು (ಅದರ ಮಾತು ಕೊನೆಗೆ ಬರುತ್ತದೆ) ಹೊಸದಾಗುವಾಗ ಮಾತ್ರ ನೆಟ್ ಬೇಕು. ಅದನ್ನು ಪೇಟೆಗೆ ಬಂದಾಗ ಮಾಡಿದರೂ ಆಯಿತು, ಗುಡ್ಡ ಹತ್ತಿ ಮಾಡಿದರೂ ಆಯಿತು.

ಫೋನ್ ಚಾರ್ಜ್ ಖಾಲಿ ಆದ್ರೆ ಹೊರಗೇ ಮಲಗ್ಬೇಕಾ?

ಬೇಡ. ಬೀಗದ ಮುಖದಲ್ಲಿ ನಂಬರ್ ಒತ್ತುವ ಜಾಗ ಇದೆ. ಅದರ ಕೆಳಗೆ ಮುಚ್ಚಳ ಸರಿಸಿದರೆ ಮಾಮೂಲಿ ಬೀಗದ ಕೈ ಹಾಕುವ ತೂತು ಇದೆ. ಬೀಗದ ಸೆಲ್ಲೇ ಸತ್ತಿದ್ದರೆ, ತಳದಲ್ಲಿರುವ ಎರಡು ಲೋಹದ ಚುಕ್ಕೆಗಳಿಗೆ 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡಿದರೆ ಒಂದು ಸಲ ತೆಗೆಯುವಷ್ಟು ಜೀವ ಬರುತ್ತದೆ.

ಕೈ ಹಾಕುವ ತೂತು ತೆಗೆದುಬಿಡಿ, ನೋಡಲು ನುಣ್ಣಗೆ ಚಂದ ಕಾಣುತ್ತದೆ ಎಂದು ನಮಗೆ ಸಲಹೆ ಕೊಟ್ಟವರಿದ್ದಾರೆ. ನಾವು ತೆಗೆಯಲಿಲ್ಲ. ಇನ್ನೊಂದು ಮಾತು: ಒಳಗಿನಿಂದ ತೆಗೆಯಲು ಯಾವತ್ತೂ ಕೈಯಲ್ಲಿ ತಿರುಗಿಸುವ ಹಿಡಿಕೆ ಇರಬೇಕು. ಅದಕ್ಕೆ ಸೆಲ್ ಬೇಡ, ಫೋನ್ ಬೇಡ. ಅಡುಗೆಮನೆಯಲ್ಲಿ ಬೆಂಕಿ ಬಿದ್ದಾಗ ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತಾ ಯಾರೂ ನಿಲ್ಲಬಾರದು. ನೀವು ಯಾರ ಬೀಗ ಕೊಂಡರೂ ಇದೊಂದನ್ನು ನೋಡಿಕೊಂಡೇ ಕೊಳ್ಳಿ.

ಅಮ್ಮನ ಹತ್ರ ಇರೋದು ಬಟನ್ ಫೋನು. ಅವ್ರು ಏನ್ಮಾಡ್ಬೇಕು?

ಅಮ್ಮನಿಗೆ ಒಂದು ಕಾರ್ಡು ಕೊಡಿ. ಬಸ್ ಪಾಸಿನಷ್ಟು ದೊಡ್ಡದು, ಒಳಗೆ ಸೆಲ್ ಇಲ್ಲ. 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಚಿಪ್ಪು ಅದರಲ್ಲಿದೆ. ಬೀಗದ ಹತ್ತಿರ ಹಿಡಿದಾಗ ಬೀಗದಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಮೂರ್ನಾಲ್ಕು ಸೆಂಟಿಮೀಟರ್ ಹತ್ತಿರ ತರಬೇಕು.

ನಮ್ಮ ಗೆಳೆಯನ ಅಮ್ಮ ಕಾರ್ಡನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡು, ಡಬ್ಬಿಯನ್ನೇ ಬೀಗಕ್ಕೆ ಮುಟ್ಟಿಸುತ್ತಾರೆ. ಪ್ಲಾಸ್ಟಿಕ್ ಡಬ್ಬಿ, ಹಾಗಾಗಿ ಕೆಲಸ ಮಾಡುತ್ತದೆ. ಸ್ಟೀಲ್ ಡಬ್ಬಿಯಾದರೆ ಆಗುವುದಿಲ್ಲ.

## ಬಾಗಿಲು, ಮಳೆ, ಸೆಲ್ಲು

ಹಳೇ ಮನೆ ಹೆಬ್ಬಾಗಿಲಿಗೆ ಹಾಕ್ಬಹುದಾ? ಎರಡು ಪಕ್ಕೆ ಬಾಗಿಲು, ಒಳಗೆ ಮರದ ಅಗುಳಿ.

ಹಾಕಬೇಡಿ. ಎರಡು ಪಕ್ಕೆಯ ಬಾಗಿಲಿನಲ್ಲಿ ಒಂದು ಪಕ್ಕೆ ಅಲ್ಲಾಡದೆ ನಿಂತರೆ ಮಾತ್ರ ಇನ್ನೊಂದರ ಬೀಗಕ್ಕೆ ಅರ್ಥ. ಹಳೆಯ ಹೆಬ್ಬಾಗಿಲುಗಳಲ್ಲಿ ಎರಡೂ ಅಲ್ಲಾಡುತ್ತವೆ. ಅಷ್ಟು ಒಳ್ಳೆಯ ಮರಕ್ಕೆ, ಅದರ ಕೆತ್ತನೆಯ ಪಕ್ಕದಲ್ಲೇ, ಡ್ರಿಲ್ ಹಾಕಲು ನಮಗೆ ಮನಸ್ಸೂ ಬರುವುದಿಲ್ಲ. ಹಿತ್ತಲ ಬಾಗಿಲಿಗೋ ಪಕ್ಕದ ಕೋಣೆಯ ಬಾಗಿಲಿಗೋ ಹಾಕಿಸಿ. ಬೇಕಾದ್ದು ಒಂದೇ ಪಕ್ಕೆಯ ಬಾಗಿಲು, ಗಟ್ಟಿ ದಾರಂದ, ಸುಮಾರು ಒಂದೂಕಾಲು ಇಂಚಿಗಿಂತ ದಪ್ಪದ ಹಲಗೆ.

ಮಳೆಗಾಲದಲ್ಲಿ ಬಾಗಿಲು ಉಬ್ಬಿದ್ರೆ?

ಈ ಬೀಗದ ಕಥೆಯೆಲ್ಲ ಇಲ್ಲೇ ಇದೆ. ಹ್ಯಾಕರ್ ಬಗ್ಗೆ ಹೆದರಿ ನಮಗೆ ಫೋನ್ ಮಾಡುವವರು ಜಾಸ್ತಿ. ನಮ್ಮ ನಿದ್ದೆ ಕೆಡಿಸಿದ್ದು ಮಾತ್ರ ಹಲಸಿನ ಮರದ ಬಾಗಿಲು.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಬೇಸಿಗೆಯಲ್ಲಿ ಬೀಗ ಹಾಕಿ ಬಂದಿದ್ದೆವು. ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಪುನರ್ವಸು ಮಳೆ ಹಿಡಿದ ಮೇಲೆ ಫೋನ್ ಬಂತು: ಬೀಗ ಗುರ್ ಅನ್ನುತ್ತದೆ, ತೆಗೆಯುವುದಿಲ್ಲ. ಹೋಗಿ ನೋಡಿದರೆ ಮೋಟಾರು ತಿಣುಕಿ ತಿಣುಕಿ ನಿಲ್ಲುತ್ತಿತ್ತು. ಆ ಮನೆಯ ಅಜ್ಜಿ ನಮ್ಮನ್ನು ಪಕ್ಕಕ್ಕೆ ಸರಿಸಿದರು. ಹಿಡಿಕೆ ಹಿಡಿದು ಬಾಗಿಲನ್ನು ಚೂರೇ ಚೂರು ಮೇಲೆತ್ತಿದರು, ತಮ್ಮ ಕಡೆಗೆ ಎಳೆದುಕೊಂಡರು, ಬೀಗದ ಕೈ ತಿರುಗಿಸಿದರು. ಟಕ್ ಅಂತ ತೆಗೆಯಿತು. "ನಿಮ್ಮ ಮಿಷನ್ನಿಗೆ ಎತ್ತಿ ಎಳೆಯೋಕೆ ಬರಲ್ವಲ್ಲಪ್ಪ" ಎಂದರು.

ಅದೇ ವಿಷಯ. ಮರ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಗಲಕ್ಕೆ ಉಬ್ಬುತ್ತದೆ. ಆಗ ಬಾಗಿಲು ದಾರಂದಕ್ಕೆ ಒತ್ತಿ ಕೂರುತ್ತದೆ. ಅಗುಳಿ ಹೋಗಿ ಕೂರುವ ತೂತು ಒಂದೆರಡು ಮಿಲಿಮೀಟರ್ ಆಚೆ ಈಚೆ ಆಗುತ್ತದೆ, ಅಗುಳಿ ಅದರ ಅಂಚಿಗೆ ಉಜ್ಜುತ್ತದೆ. ಮನುಷ್ಯರ ಕೈಗೆ ಇದು ಗೊತ್ತಾಗುತ್ತದೆ, ನಮಗೇ ತಿಳಿಯದ ಹಾಗೆ ಬಾಗಿಲನ್ನು ಎತ್ತಿ ಎಳೆದು ಸರಿ ಮಾಡಿಕೊಳ್ಳುತ್ತೇವೆ. ಮೋಟಾರಿಗೆ ತಿರುಗುವುದು ಒಂದೇ ಗೊತ್ತು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಇದು ಪ್ರತಿ ವರ್ಷದ ಪಾಡು.

ಈಗ ಮೂರು ಕೆಲಸ ಮಾಡುತ್ತೇವೆ. ದಾರಂದದ ಪಟ್ಟಿಯ ತೂತನ್ನು ಅರದಿಂದ ಉಜ್ಜಿ ಮೂರು ಮಿಲಿಮೀಟರ್ ದೊಡ್ಡದು ಮಾಡುತ್ತೇವೆ. ಮೋಟಾರು ಎಳೆಯುವ ಕರೆಂಟನ್ನು ಬೀಗ ಅಳೆಯುತ್ತಿರುತ್ತದೆ. ಅದು ಏರಿತೆಂದರೆ ತಿಣುಕುತ್ತಾ ಕೂರದೆ ಸ್ವಲ್ಪ ಹಿಂದೆ ತಿರುಗಿ ಮತ್ತೆ ಪ್ರಯತ್ನಿಸುತ್ತದೆ. ಮೂರು ಸಲವೂ ಆಗದಿದ್ದರೆ "ಬಾಗಿಲು ಎಳೆದು ಹಿಡಿಯಿರಿ" ಎಂದು ಫೋನಿನಲ್ಲಿ ತೋರಿಸುತ್ತದೆ. ಅಜ್ಜಿ ಹೇಳಿಕೊಟ್ಟ ಪಾಠ ಅದು. ಮೂರನೆಯದು ಬಡಗಿಯ ಕೆಲಸ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಬಣ್ಣ ಬಳಿಯದೆ ಬಿಟ್ಟಿರುತ್ತಾರೆ, ಯಾರಿಗೂ ಕಾಣುವುದಿಲ್ಲ ಅಲ್ವಾ. ನೀರು ಹೀರುವುದು ಅಲ್ಲಿಂದಲೇ. ಬೇಸಿಗೆಯಲ್ಲಿ ಬಾಗಿಲು ಕಳಚಿ ಆ ಅಂಚುಗಳಿಗೂ ವಾರ್ನಿಶ್ ಕೊಡಿಸಿ. ಜಡಿಮಳೆಯಲ್ಲಿ ಉಬ್ಬಿದ ಬಾಗಿಲನ್ನು ಮಾತ್ರ ಕೀಸಲು ಬಿಡಬೇಡಿ. ಮಾರ್ಚ್ ಬಂದಾಗ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ.

ಸೆಲ್ ಎಷ್ಟು ದಿನ ಬರುತ್ತೆ? ರೀಚಾರ್ಜ್ ಸೆಲ್ ಹಾಕ್ಲಾ?

ದಿನಕ್ಕೆ ಎಷ್ಟು ಸಲ ತೆಗೆಯುತ್ತೀರಿ, ಬಾಗಿಲು ಎಷ್ಟು ಸಲೀಸು ಎನ್ನುವುದರ ಮೇಲೆ ಹೋಗುತ್ತದೆ. ಒಂದು ಆಂಪಿಯರ್ ಕರೆಂಟನ್ನು ಹತ್ತು ಲಕ್ಷ ಪಾಲು ಮಾಡಿದರೆ, ಬೀಗ ಸುಮ್ಮನೆ ಕೂತಿರುವಾಗ ತಿನ್ನುವುದು ಅದರಲ್ಲಿ ಕೆಲವು ಹತ್ತು ಪಾಲು ಮಾತ್ರ. ಮೋಟಾರು ತಿರುಗುವ ಒಂದು ಸೆಕೆಂಡಿನಲ್ಲಿ ಅದರ ಸಾವಿರಾರು ಪಟ್ಟು ಬೇಕು. ಬಾಗಿಲು ಒತ್ತಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಉಬ್ಬಿದ ಬಾಗಿಲು ಸೆಲ್ಲನ್ನೂ ತಿನ್ನುತ್ತದೆ.

ಆಲ್ಕಲೈನ್ ಸೆಲ್ ಹಾಕಿ. 1.5 ವೋಲ್ಟಿನಿಂದ ಅದು ನಿಧಾನಕ್ಕೆ ಇಳಿಯುತ್ತದೆ, ಬೀಗಕ್ಕೆ ಮೊದಲೇ ಎಚ್ಚರಿಸಲು ಸಮಯ ಸಿಗುತ್ತದೆ. ರೀಚಾರ್ಜ್ ಸೆಲ್ 1.2 ವೋಲ್ಟಿನಲ್ಲಿ ಕೊನೇ ತನಕ ಚೆನ್ನಾಗಿದ್ದ ಹಾಗೆ ತೋರಿಸಿ ಒಮ್ಮೆಲೇ ಕುಸಿಯುತ್ತದೆ. ಹಳೆ ಸೆಲ್, ಹೊಸ ಸೆಲ್ ಬೆರಕೆ ಮಾಡಬೇಡಿ. ಟಿವಿ ರಿಮೋಟಿನಿಂದ ಎರಡು ಕಿತ್ತು ಹಾಕಿ "ಬೀಗ ಸರಿ ಇಲ್ಲ" ಎಂದು ಫೋನ್ ಮಾಡಿದವರ ಮೇಲೆ ನಮಗೆ ಸ್ವಲ್ಪ ಮುನಿಸಿದೆ.

ಸಿಡಿಲು ಬಡಿದ್ರೆ ಬೀಗ ಸುಟ್ಟು ಹೋಗಲ್ವಾ?

ಬೀಗಕ್ಕೆ ಮನೆಯ ವೈರಿಂಗ್ ಜೊತೆ ಸಂಬಂಧವೇ ಇಲ್ಲ. ಕರೆಂಟು ಹೋದರೂ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ದೂರದಿಂದ ಬೀಗ ನೋಡಿಕೊಳ್ಳಲು ಪ್ಲಗ್ಗಿಗೆ ಹಾಕುವ ಚಿಕ್ಕ ಡಬ್ಬಿಯೊಂದನ್ನು ಕೆಲವರು ಕೊಳ್ಳುತ್ತಾರೆ. ಏಪ್ರಿಲ್, ಮೇ ಗುಡುಗಿನ ಹೊತ್ತಿನಲ್ಲಿ ಟಿವಿ ಕಿತ್ತ ಹಾಗೆ ಅದನ್ನೂ ಕಿತ್ತಿಡಿ.

ಒದ್ದೆ ಆದ್ರೆ? ಬೂಷ್ಟು ಹಿಡಿದ್ರೆ?

ಹೊರಗಿನ ಭಾಗ ಐಪಿ65 ಮಟ್ಟದ್ದು. 6 ಎಂದರೆ ಧೂಳು ನುಗ್ಗುವುದಿಲ್ಲ, 5 ಎಂದರೆ ನೀರು ಚಿಮ್ಮಿಸಿದರೂ ತಡೆಯುತ್ತದೆ. ಆದರೂ ಎರಚಲು ನೇರ ಹೊಡೆಯುವ ಪಶ್ಚಿಮದ ಬಾಗಿಲಿಗೆ ಮೇಲೊಂದು ಮರೆ ಇದ್ದರೆ ಒಳ್ಳೆಯದು. ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ನಾವು ಅಂದುಕೊಳ್ಳದೇ ಇದ್ದ ಶತ್ರು ಕುಂಬಾರ ಹುಳ. ಕೈ ಹಾಕುವ ತೂತು ಅಪರೂಪಕ್ಕೆ ಬಳಕೆಯಾಗುವುದರಿಂದ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಣ್ಣು ತುಂಬಿ ಮೊಟ್ಟೆ ಇಟ್ಟು ಹೋಗುತ್ತದೆ. ತೂತಿಗೆ ಜಾರುವ ಮುಚ್ಚಳ ಬಂದದ್ದು ಆಮೇಲೆ. ತಿಂಗಳಿಗೊಮ್ಮೆ ಲೋಹದ ಕೈ ಹಾಕಿ ತಿರುಗಿಸಿ ನೋಡಿ. ಬೇಕಾದ ರಾತ್ರಿ ಮಣ್ಣು ಕೆರೆಯುತ್ತಾ ಕೂರುವುದು ತಪ್ಪುತ್ತದೆ.

## ಹೋಂಸ್ಟೇ, ಗೋಡೌನು, ಕೆಲಸದವರು

ಗೆಸ್ಟ್‌ಗಳು ರಾತ್ರಿ ಎರಡು ಗಂಟೆಗೆ ಬರ್ತಾರೆ. ಅವ್ರಿಗೆ ಆಪ್ ಹಾಕ್ಸೋದು ಯಾರು?

ಯಾರೂ ಬೇಡ. ಅವರಿಗೆ ಆರು ಅಂಕಿಯ ನಂಬರ್ ಕಳಿಸಿ. ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಹನ್ನೊಂದರ ತನಕ ಅದು ನಡೆಯುತ್ತದೆ, ಆಮೇಲೆ ತಾನೇ ಸಾಯುತ್ತದೆ. ಬೀಗಕ್ಕೆ ಆಗ ನೆಟ್ ಇರಬೇಕೆಂದೂ ಇಲ್ಲ. ನಿಮ್ಮ ಆಪ್ ಮತ್ತು ಬೀಗ ಎರಡೂ ಒಂದೇ ಗುಟ್ಟು ಮತ್ತು ಗಡಿಯಾರ ಇಟ್ಟುಕೊಂಡು ಒಂದೇ ಲೆಕ್ಕ ಹಾಕುತ್ತವೆ. ಬ್ಯಾಂಕಿನ ಕೆಲವು ಆಪ್‌ಗಳು ಅರ್ಧ ನಿಮಿಷಕ್ಕೊಮ್ಮೆ ನಂಬರ್ ಬದಲಿಸುತ್ತವಲ್ಲ, ಅದೇ ಉಪಾಯ.

ನಂಬರನ್ನು ಅತಿಥಿಗಳು ಬೆಂಗಳೂರು ಬಿಡುವ ಮುಂಚೆಯೇ ಕಳಿಸಿ. ಘಾಟಿ ಹತ್ತಿದ ಮೇಲೆ ಅವರಿಗೆ ಸಿಗ್ನಲ್ ಸಿಗುತ್ತದೆಂದು ನಂಬಬೇಡಿ. ಬಾಗಿಲು ತಾನೇ ತೆಗೆಯುತ್ತದೆ ಎಂದು ಅತಿಥಿಗಳ ಪುಸ್ತಕ ಬರೆಸುವುದನ್ನು, ಗುರುತಿನ ಚೀಟಿ ನೋಡುವುದನ್ನು ಬಿಡಬೇಡಿ. ಬೆಳಗ್ಗೆ ಕಾಫಿ ಕೊಡುವಾಗ ಮಾಡಿದರಾಯಿತು.

ಅಡಿಕೆ ಗೋಡೌನ್‌ಗೆ ಹಾಕ್ಲಾ? ರೇಟು ಬಂದಾಗ ಕಳ್ಳರ ಕಾಟ.

ಈಗಿರುವ ದೊಡ್ಡ ಬೀಗ ತೆಗೆಯದೆ, ಇದನ್ನು ಅದರ ಜೊತೆಗೆ ಹಾಕುವುದಾದರೆ ಹಾಕಿ. ಅಡಿಕೆ ಕದಿಯಲು ಬರುವವರು ಬೀಗದ ಜೊತೆ ಮಾತಾಡುವುದಿಲ್ಲ, ಹಾರೆ ತರುತ್ತಾರೆ. ಹಾರೆಯ ಮುಂದೆ ನಿಲ್ಲಬೇಕಾದದ್ದು ದಾರಂದ, ಕೀಲು, ಗೋಡೆ. ಯಾರು ಯಾವಾಗ ತೆಗೆದರು ಎಂಬ ಲೆಕ್ಕ ನಮ್ಮ ಬೀಗದಿಂದ ಸಿಗುತ್ತದೆ. ಗೋಡೌನಿನ ಕೈ ನಾಲ್ಕು ಜನರ ಹತ್ತಿರ ಇದ್ದರೆ ಆ ಲೆಕ್ಕಕ್ಕೆ ಬೆಲೆಯಿದೆ. ಕಬ್ಬಿಣದ ಶೆಟರಿಗೆ ನಮ್ಮ ಬೀಗ ಕೂರುವುದಿಲ್ಲ.

ಕೆಲಸಕ್ಕೆ ಬರೋರು ಎಷ್ಟು ಹೊತ್ತಿಗೆ ಬಂದ್ರು, ಹೋದ್ರು ಅಂತ ನೋಡ್ಬಹುದಾ?

ನೋಡಬಹುದು. ಆದರೆ ಅವರಿಗೆ ಹೇಳಿ ನೋಡಿ. "ಅಕ್ಕ, ನೀನು ಬಂದದ್ದು ಹೋದದ್ದು ಇದರಲ್ಲಿ ಬರೆದುಕೊಳ್ಳುತ್ತೆ" ಎಂದು ಮೊದಲ ದಿನವೇ ಹೇಳಿದರೆ ಯಾರಿಗೂ ಬೇಜಾರಿಲ್ಲ. ಆರು ತಿಂಗಳ ನಂತರ ಸಂಬಳದ ಮಾತು ಬಂದಾಗ ಫೋನ್ ತೆಗೆದು ತೋರಿಸುವುದು ಮಾತ್ರ ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಬಳಕೆಗೆ ಅನ್ವಯಿಸುವುದಿಲ್ಲ, ನಿಜ. ಕಾನೂನು ಬಿಟ್ಟಿತೆಂದು ನಾವೂ ಮರ್ಯಾದೆ ಬಿಡಬೇಕಾ? ನಮ್ಮ ಆಪ್‌ನಲ್ಲಿ ಕೈ ಪಡೆದ ಪ್ರತಿಯೊಬ್ಬರಿಗೂ ತಮ್ಮ ಲೆಕ್ಕ ತಮಗೆ ಕಾಣುವ ಹಾಗೆ ಮಾಡಿದ್ದೇವೆ. ಅದನ್ನು ಮುಚ್ಚಿಡಲು ಮಾಲೀಕರಿಗೆ ದಾರಿ ಇಟ್ಟಿಲ್ಲ. ಕೆಲವರು ಇದೇ ಕಾರಣಕ್ಕೆ ಕೊಳ್ಳದೆ ಹೋದರು.

## ಸ್ವಲ್ಪ ಆಳಕ್ಕೆ ಇಳಿದವರ ಪ್ರಶ್ನೆಗಳು

ಆಪ್ ಲೊಕೇಶನ್ ಯಾಕೆ ಕೇಳುತ್ತೆ? ನಾನೆಲ್ಲಿ ಹೋಗ್ತೀನಿ ಅಂತ ನೋಡ್ತೀರಾ?

ಇಲ್ಲ. ಆಂಡ್ರಾಯ್ಡ್ 6ರಿಂದ 11ರ ತನಕ ಅಕ್ಕಪಕ್ಕದ ಬ್ಲೂಟೂತ್ ಹುಡುಕಬೇಕೆಂದರೆ ಲೊಕೇಶನ್ ಅನುಮತಿ ಕೇಳಲೇಬೇಕಿತ್ತು. ಅಕ್ಕಪಕ್ಕದ ಬ್ಲೂಟೂತ್ ಗುರುತಿನಿಂದ ನೀವೆಲ್ಲಿದ್ದೀರಿ ಎಂದು ಊಹಿಸಬಹುದು, ಅದಕ್ಕೇ ಆ ನಿಯಮ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಅದಕ್ಕೆ ಬೇರೆಯೇ ಅನುಮತಿ ಇದೆ. ಹೊಸ ಫೋನಿನಲ್ಲಿ ನಾವು ಲೊಕೇಶನ್ ಕೇಳುವುದಿಲ್ಲ.

ಹತ್ತಿರ ಹೋದರೂ ಬೀಗ ಕೆಲವೊಮ್ಮೆ ತಡ ಮಾಡುತ್ತದೆ ಎನ್ನುವವರೂ ಫೋನಿನ ಸೆಟ್ಟಿಂಗ್ ನೋಡಿ. ಬ್ಯಾಟರಿ ಉಳಿಸಲು ಹಲವು ಫೋನುಗಳು ಹಿಂದೆ ಓಡುವ ಆಪ್‌ಗಳನ್ನು ಮಲಗಿಸಿಬಿಡುತ್ತವೆ.

ಕಂಪ್ಯೂಟರ್ ಗೊತ್ತಿರೋ ಹುಡುಗ ಹ್ಯಾಕ್ ಮಾಡಿದ್ರೆ?

ಗಾಳಿಯಲ್ಲಿ ಹಾಯುವ ಮಾತನ್ನು ರೆಕಾರ್ಡ್ ಮಾಡಿ ನಾಳೆ ಮತ್ತೆ ಕೇಳಿಸಿದರೆ ಬಾಗಿಲು ತೆಗೆಯುವುದಿಲ್ಲ, ಏಕೆಂದರೆ ನಾಳೆ ಬೀಗ ಕೇಳುವ ಸಂಖ್ಯೆಯೇ ಬೇರೆ. ಆರು ಅಂಕಿಯ ನಂಬರುಗಳು 10 ಲಕ್ಷ ಇವೆ. ಐದು ಸಲ ತಪ್ಪಿದರೆ ಐದು ನಿಮಿಷ ಬೀಗ ಮಾತಾಡುವುದಿಲ್ಲ. ಎಲ್ಲವನ್ನೂ ಒತ್ತಿ ನೋಡುತ್ತೇನೆಂದು ಹಟ ಹಿಡಿದವನು ಎರಡು ವರ್ಷದ ಹತ್ತಿರ ನಿಮ್ಮ ಜಗಲಿಯಲ್ಲಿ ನಿಲ್ಲಬೇಕು.

ಕಷ್ಟ ಇರುವುದು ಬೇರೆ ಕಡೆ. ಮಗನ ಹುಟ್ಟಿದ ದಿನವನ್ನೇ ನಂಬರ್ ಮಾಡುತ್ತಾರೆ. ದಿನಾ ಒತ್ತಿ ಒತ್ತಿ ಅದೇ ಅಂಕಿಗಳ ಮೇಲೆ ಬೆರಳಿನ ಜಿಡ್ಡು ಕೂತಿರುತ್ತದೆ. ಅದಕ್ಕೇ ಸರಿಯಾದ ನಂಬರಿನ ಹಿಂದೆ ಮುಂದೆ ಬೇಕಾದ ಅಂಕಿ ಸೇರಿಸಿ ಒತ್ತಿದರೂ ನಡೆಯುವ ಹಾಗೆ ಮಾಡಿದ್ದೇವೆ. ಪಕ್ಕದಲ್ಲಿ ನಿಂತವರಿಗೆ ಲೆಕ್ಕ ತಪ್ಪುತ್ತದೆ.

ನಾನು ಒಳಗೆ ಮಲಗಿರ್ತೀನಿ, ಫೋನ್ ಪಕ್ಕದಲ್ಲಿರುತ್ತೆ. ಕಳ್ಳ ಬಂದಾಗ ಬಾಗಿಲು ತಾನೇ ತೆಗೆದುಬಿಟ್ರೆ?

ಒಳ್ಳೆಯ ಪ್ರಶ್ನೆ, ಕೇಳಿದವರು ಕಾಲೇಜಿನ ಹುಡುಗಿ. ಇದಕ್ಕೆ ರಿಲೇ ದಾಳಿ ಎನ್ನುತ್ತಾರೆ. ಒಬ್ಬ ಬೀಗದ ಹತ್ತಿರ, ಇನ್ನೊಬ್ಬ ಫೋನಿನ ಹತ್ತಿರ ನಿಂತು ನಡುವಿನ ಮಾತನ್ನು ಆಚೆ ಈಚೆ ಸಾಗಿಸುತ್ತಾರೆ. ಗುಟ್ಟು ಒಡೆಯುವುದೇ ಬೇಡ. ಬೀಗಕ್ಕೆ ಫೋನು ಎದುರಿಗೇ ಇದ್ದ ಹಾಗೆ ಅನ್ನಿಸುತ್ತದೆ. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ ಟೆಸ್ಲಾ ಕಾರನ್ನೂ ಒಂದು ಮನೆ ಬೀಗವನ್ನೂ ಹೀಗೆ ತೆಗೆದು ತೋರಿಸಿತು.

ಹತ್ತಿರ ಹೋದರೆ ತಾನೇ ತೆಗೆಯುವ ಸೌಲಭ್ಯ ನಮ್ಮಲ್ಲೂ ಇದೆ, ಆದರೆ ಕೊಳ್ಳುವಾಗ ಅದು ಆಫ್ ಆಗಿರುತ್ತದೆ. ಮಾಮೂಲಿಯಾಗಿ ಆಪ್ ತೆಗೆದು ಒತ್ತಲೇಬೇಕು. ಆನ್ ಮಾಡಿಕೊಂಡರೂ ಫೋನು ಅಲ್ಲಾಡದೆ ಮಲಗಿದ್ದಾಗ ಅದು ಉತ್ತರ ಕೊಡುವುದಿಲ್ಲ. ದಿಂಬಿನ ಪಕ್ಕದ ಫೋನಿಗೆ ಅಷ್ಟು ಕಾವಲು ಸಾಕು. ಪೂರ್ತಿ ಮದ್ದು ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ. ಸಂಕೇತ ಹೋಗಿ ಬರುವ ಸಮಯದಿಂದಲೇ ಅದು ದೂರ ಅಳೆಯುತ್ತದೆ. ಬೆಳಕಿನ ವೇಗದಲ್ಲಿ ಹೋಗುವ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸಾಗುವುದು ಸುಮಾರು 30 ಸೆಂಟಿಮೀಟರ್, ಅಂದರೆ ನಡುವೆ ಯಾರೇ ನಿಂತರೂ ತಡವಾಗಿ ಸಿಕ್ಕಿಬೀಳುತ್ತಾರೆ. ಈಗ ಅದು ದುಬಾರಿ ಫೋನುಗಳಲ್ಲೇ ಇರುವುದು, ಹಾಗಾಗಿ ನಾವಿನ್ನೂ ಹಾಕಿಲ್ಲ.

ಫೋನೇ ಕಳೆದುಹೋಯ್ತು. ಬೀಗಕ್ಕೆ ನೆಟ್ ಇಲ್ಲ. ಆ ಕೈ ಬೇಡ ಅಂತ ಅದಕ್ಕೆ ಹೇಳೋದು ಯಾರು?

ನಮಗೆ ಅತಿ ಜಾಸ್ತಿ ತಲೆನೋವು ಕೊಟ್ಟ ಪ್ರಶ್ನೆ ಇದು. ಎರಡು ದಾರಿ ಇಟ್ಟಿದ್ದೇವೆ. ಒಂದು, ಪ್ರತಿ ಫೋನಿನ ಕೈಗೂ ಆಯಸ್ಸು ಇದೆ. ಮನೆಯವರದ್ದು 30 ದಿನ, ಬೇರೆಯವರದ್ದು ನೀವು ಹೇಳಿದಷ್ಟು. ನೆಟ್ ಸಿಕ್ಕಾಗ ಅದು ತಾನೇ ಹೊಸದಾಗುತ್ತದೆ. ಕಳೆದ ಫೋನಿನದ್ದು ಹೊಸದಾಗದ ಹಾಗೆ ನೀವು ಇನ್ನೊಂದು ಫೋನಿನಿಂದ ತಡೆಯಬಹುದು. ಎರಡು, ರದ್ದಾದ ಕೈಗಳ ಪಟ್ಟಿಯನ್ನು ಮನೆಯ ಬೇರೆ ಫೋನುಗಳು ಹೊತ್ತು ತರುತ್ತವೆ. ನಿಮ್ಮ ಹೆಂಡತಿ ಬಾಗಿಲು ತೆಗೆದ ಕೂಡಲೇ ಬೀಗಕ್ಕೆ ಸುದ್ದಿ ಮುಟ್ಟುತ್ತದೆ. ಅಂಚೆಯಣ್ಣನ ಹಾಗೆ.

ಆಯಸ್ಸು ನೋಡಲು ಬೀಗಕ್ಕೆ ಗಡಿಯಾರ ಬೇಕು. ಆ ಗಡಿಯಾರ ನಡೆಸುವ ಹರಳು ದಿನಕ್ಕೆ ಒಂದೂಮುಕ್ಕಾಲು ಸೆಕೆಂಡಿನಷ್ಟು ತಪ್ಪಬಹುದು, ಬಿಟ್ಟರೆ ವರ್ಷಕ್ಕೆ ಹತ್ತು ನಿಮಿಷ. ಮನೆಯವರ ಫೋನು ಬಂದಾಗಲೆಲ್ಲ ಬೀಗ ತನ್ನ ಹೊತ್ತು ಸರಿ ಮಾಡಿಕೊಳ್ಳುತ್ತದೆ. ಅತಿಥಿಯ ಫೋನಿನ ಹೊತ್ತನ್ನು ನಂಬುವುದಿಲ್ಲ. ಅವರು ಗಡಿಯಾರ ಹಿಂದೆ ತಿರುಗಿಸಿ ಬಂದರೆ?

ನಾಳೆ ನಿಮ್ಮ ಕಂಪನಿ ಮುಚ್ಚಿದ್ರೆ ನಮ್ಮ ಬಾಗಿಲ ಗತಿ?

ಇದನ್ನು ಕೇಳುವಾಗ ಜನ ಸ್ವಲ್ಪ ಸಂಕೋಚಪಡುತ್ತಾರೆ. ಪಡಬೇಡಿ, ಸ್ಟಾರ್ಟಪ್ ಎಂದ ಮೇಲೆ ಕೇಳಲೇಬೇಕು.

ನಮ್ಮ ಸರ್ವರ್ ನಿಂತರೂ ನಂಬರು, ಕಾರ್ಡು, ಲೋಹದ ಕೈ ನಡೆಯುತ್ತವೆ. ಅವು ಯಾವುವೂ ನಮ್ಮನ್ನು ಕೇಳುವುದಿಲ್ಲ. ಮಾಲೀಕರ ಫೋನು ಬೀಗದ ಮುಂದೆ ನಿಂತು ಸರ್ವರ್ ಇಲ್ಲದೆಯೇ ಇನ್ನೊಂದು ಫೋನಿಗೆ ಕೈ ಕೊಡಬಹುದು, ತನ್ನ 30 ದಿನವನ್ನೂ ಮುಂದೂಡಬಹುದು. ಹೋಗುವುದು ದೂರದಿಂದ ಕೈ ಕಳಿಸುವುದು ಮಾತ್ರ. ಆಪಲ್, ಗೂಗಲ್, ಸ್ಯಾಮ್‌ಸಂಗ್ ಮತ್ತು ದೊಡ್ಡ ಬೀಗದ ಕಂಪನಿಗಳು ಕೈಜೋಡಿಸಿ 2023ರಲ್ಲಿ ಘೋಷಿಸಿದ ಅಲೈರೊ ಎಂಬ ಸಾಮಾನ್ಯ ಮಾನದಂಡದ ಮೇಲೂ ಕಣ್ಣಿಟ್ಟಿದ್ದೇವೆ. ಅದು ಬೇರೂರಿದರೆ ಯಾರದೋ ಫೋನು ಯಾರದೋ ಬೀಗದ ಜೊತೆ ಮಾತಾಡಬಹುದು.

ಬೀಗ ಬಾಗಿಲಿಗೆ ಕೂರುವ ತೂತಿನ ಅಳತೆಯನ್ನೂ ಅಂಗಡಿಯಲ್ಲಿ ಸಿಗುವ ಮಾಮೂಲಿ ಬೀಗದ ಅಳತೆಗೇ ಇಟ್ಟಿದ್ದೇವೆ. ನಮ್ಮದು ಬೇಡವಾದ ದಿನ ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನೇ ಕೂರಿಸಿ. ಅದನ್ನು ಎಸೆಯದೆ ಅಟ್ಟದ ಮೇಲೆ ಇಟ್ಟಿರಿ ಎಂದು ಹಾಕಿಸುವ ದಿನವೇ ಹೇಳಿರುತ್ತೇವೆ.